ಕೊಯ್ಲಿನ ಸೊಂಟಕ್ಕೆ, ಮಳೆಗಾಲದ ಮನಸ್ಸಿಗೆ ಅರ್ಧ ಗಂಟೆ ಯೋಗ: ಮಾಡೋದು ಹೀಗೆ

"ಬೆಳಗಿಂದ ಸಂಜೆತನಕ ತೋಟದಲ್ಲಿ ಬಗ್ಗಿ ಎದ್ದು ಮಾಡ್ತೀವಿ, ನಮಗ್ಯಾಕೆ ಯೋಗ?" ಕೊಡಗಿನಲ್ಲಿ ಯೋಗದ ಮಾತೆತ್ತಿದರೆ ಬಹಳ ಜನ ಕೇಳೋದು ಇದನ್ನೇ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬೆವರು ಹರಿಸೋದೇ ಲೆಕ್ಕವಾದರೆ ತೋಟದವರಿಗೆ ಯೋಗ ಖಂಡಿತ ಬೇಡ. ಆದರೆ ತೋಟದ ಕೆಲಸ ಮೈಯನ್ನು ಒಂದೇ ಕಡೆಗೆ ಎಳೆಯುತ್ತದೆ. ವರ್ಷದ ಕೊನೆಗೆ ಅರೇಬಿಕಾ ಕೊಯ್ಲು, ಹಿಂದೆಯೇ ರೋಬಸ್ಟಾ, ಅದು ಮುಗಿಯುವಷ್ಟರಲ್ಲಿ ಕಾಳುಮೆಣಸಿನ ಏಣಿ. ತಿಂಗಳುಗಟ್ಟಲೆ ಕೈ ಮುಂದೆ, ಭುಜ ಮುಂದೆ, ಸೊಂಟ ಬಗ್ಗಿಯೇ ಇರುತ್ತದೆ. ದಿನಕ್ಕೊಂದು ಸಲ ಅದನ್ನು ಎದುರು ದಿಕ್ಕಿಗೆ ತಿರುಗಿಸಬೇಕು, ಜೊತೆಗೆ ಉಸಿರನ್ನು ನಿಧಾನ ಮಾಡಬೇಕು. ಕೆಲಸ ಇಷ್ಟೇ. ಕಾಲು ತಂದು ಕತ್ತಿಗೆ ಹಾಕಿಕೊಳ್ಳೋದೆಲ್ಲ ಫೋಟೋಕ್ಕೆ.

ಮೊಬೈಲ್ ನೋಡಿಕೊಂಡೇ ಮಾಡುವ ಅಭ್ಯಾಸ ಬೇಡ. ಜೂನ್ ಬಂತು ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಅಲ್ವಾ? 2015ರಿಂದ ಪ್ರತಿವರ್ಷ ಜೂನ್ 21ಕ್ಕೆ ಊರಿಡೀ ಯೋಗ ದಿನ ಮಾಡುತ್ತದೆ, ನಮ್ಮಲ್ಲಿ ಆ ಹೊತ್ತಿಗೆ ಸರಿಯಾಗಿ ಮಳೆ ಹಿಡಿದಿರುತ್ತದೆ. ಕ್ರಮ ಎರಡು ಸಲ ಓದಿ ತಲೆಯಲ್ಲಿಟ್ಟುಕೊಳ್ಳಿ, ಸಾಕು.

ಜಾಗ, ಹೊತ್ತು

ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು ಒಳ್ಳೆಯದು. ಒಂದು ಲೋಟ ಬೆಲ್ಲದ ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಮಾಡಿದರೆ ಏನೂ ಆಗೋದಿಲ್ಲ. ಕಡಂಬುಟ್ಟು, ಪಂದಿಕರಿಯಂಥ ಭಾರದ ಊಟವಾಗಿದ್ದರೆ ಮಾತ್ರ ಮೂರು ನಾಲ್ಕು ಗಂಟೆ ಕಾಯಿರಿ. ಮ್ಯಾಟ್ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ರೆಡ್ ಆಕ್ಸೈಡ್ ನೆಲದ ಮೇಲೆ ತೇವ ಕೂತರೆ ಜಾರುತ್ತದೆ ಕೂಡ. ನೆಲ ಒರೆಸಿ ದಪ್ಪ ಕಂಬಳಿ ಹಾಸಿದರೂ ನಡೆಯುತ್ತದೆ, ಆದರೆ ಅದು ಸರಿಯುತ್ತಾ ಅಂತ ಮೊದಲು ಕಾಲಿಂದ ಒತ್ತಿ ನೋಡಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳೋದಿಲ್ಲ. ಚಳಿ ಅಂತ ಬಾಗಿಲು ಕಿಟಕಿ ಮುಚ್ಚಿ, ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಪ್ರಾಣಾಯಾಮಕ್ಕೆ ಕೂರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವಕ್ಕೇ ಅಪಾಯ. ಸ್ವೆಟರ್ ಹಾಕಿಕೊಳ್ಳಿ, ಕಿಟಕಿ ಸ್ವಲ್ಪ ತೆರೆದಿಡಿ.

ಮೈ ಬಿಸಿ ಮಾಡಿ

ಚಳಿಗೆ ಗಟ್ಟಿಯಾದ ಮೈಯನ್ನು ಒಮ್ಮೆಲೇ ಬಗ್ಗಿಸಬಾರದು. ಐದು ನಿಮಿಷ ಭುಜ ತಿರುಗಿಸಿ, ಮಣಿಕಟ್ಟು ತಿರುಗಿಸಿ, ಕತ್ತನ್ನು ಎಡಕ್ಕೆ ಬಲಕ್ಕೆ ನಿಧಾನ ಹೊರಳಿಸಿ. ಆಮೇಲೆ ಮಾರ್ಜಾರಿ. ಅಂಗೈ, ಮಂಡಿ ನೆಲಕ್ಕೆ. ಉಸಿರು ಎಳೆಯುತ್ತಾ ಹೊಟ್ಟೆ ಕೆಳಗೆ ಬಿಡಿ, ಎದೆ ಮುಂದಕ್ಕೆ ತನ್ನಿ. ಉಸಿರು ಬಿಡುತ್ತಾ ಬೆನ್ನು ಮೇಲಕ್ಕೆ ಗೂನು ಮಾಡಿ. ಎಂಟು ಹತ್ತು ಸಲ. ಮಂಡಿ ನೋಯುತ್ತಿದ್ದರೆ ಕೆಳಗೆ ಗೋಣಿಚೀಲ ಮಡಚಿ ಇಟ್ಟುಕೊಳ್ಳಿ.

ಎದುರು ದಿಕ್ಕಿಗೆ

ಈಗ ಭುಜಂಗಾಸನ. ನನ್ನ ಕೇಳಿದರೆ, ತೋಟದವರು ಒಂದೇ ಆಸನ ಕಲಿಯೋದಾದರೆ ಇದನ್ನೇ ಕಲಿಯಬೇಕು. ಬೋರಲು ಮಲಗಿ, ಹಣೆ ನೆಲಕ್ಕೆ. ಅಂಗೈ ಎದೆಯ ಪಕ್ಕ, ಮೊಣಕೈ ಮೈಗೆ ಅಂಟಿಕೊಂಡಿರಲಿ. ಬಹಳ ಜನ ಎಡವೋದು ಇಲ್ಲಿಯೇ: ಕೈಯನ್ನು ನೆಟ್ಟಗೆ ಒತ್ತಿ ಮೇಲೇಳುತ್ತಾರೆ, ಭುಜ ಕಿವಿತನಕ ಬರುತ್ತದೆ, ಭಾರವೆಲ್ಲ ಸೊಂಟದ ಒಂದೇ ಜಾಗಕ್ಕೆ ಬೀಳುತ್ತದೆ. ಮೊದಲು ಭುಜವನ್ನು ಹಿಂದಕ್ಕೆ, ಕೆಳಕ್ಕೆ ಎಳೆದುಕೊಳ್ಳಿ. ಆಮೇಲೆ ಬೆನ್ನಿನ ಬಲದಿಂದಲೇ ಎದೆ ಎತ್ತಿ. ಹೊಕ್ಕುಳು ನೆಲ ಬಿಡಬಾರದು. ಸರಿಯಾಗಿದೆಯಾ ಅಂತ ನೋಡಲು ಒಂದು ಕ್ಷಣ ಅಂಗೈ ನೆಲದಿಂದ ಎತ್ತಿ ನೋಡಿ. ಎದೆ ಧೊಪ್ಪನೆ ಕೆಳಗೆ ಬಿದ್ದರೆ ಎತ್ತಿದ್ದು ಕೈ, ಬೆನ್ನಲ್ಲ. ಮೂರು ನಾಲ್ಕು ಉಸಿರು ಇದ್ದು ಇಳಿಯಿರಿ. ಮೂರು ಸಲ ಮಾಡಿ, ಪ್ರತಿಸಲವೂ ನಡುವೆ ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂತು, ಹಣೆ ನೆಲಕ್ಕಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ.

ಆಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧಾಸನ. ಅದೂ ಮೂರು ಸಲ.

ದಿನವಿಡೀ ಗಂಬೂಟಿನಲ್ಲಿ ನಿಂತವರು ಸಂಜೆ ಇನ್ನೊಂದು ಮಾಡಬಹುದು. ಗೋಡೆಗೆ ತೀರಾ ಹತ್ತಿರ ಮಲಗಿ, ಎರಡೂ ಕಾಲು ಗೋಡೆಯ ಮೇಲಕ್ಕೆ ಒರಗಿಸಿ ಐದು ನಿಮಿಷ ಸುಮ್ನೆ ಇರಿ. ಕಾಲಿನ ಬಾವು, ಭಾರ ಇಳಿಯುತ್ತದೆ. ಗ್ಲಾಕೋಮಾ ಇರುವವರು, ಬಿಪಿ ಹತೋಟಿಗೆ ಬಾರದವರು ಇದನ್ನು ಬಿಡಿ.

ದೀರ್ಘಕಾಲದ ಸೊಂಟನೋವಿಗೆ ಯೋಗ ಆಗುತ್ತದೆ ಅನ್ನೋದು ಬರೀ ಬಾಯಿಮಾತಲ್ಲ. ಅಮೆರಿಕದ ವೈದ್ಯರ ಸಂಘ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, 2017ರ ಮಾರ್ಗಸೂಚಿಯಲ್ಲಿ ಇಂಥ ನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ಧ್ಯಾನದಂಥದ್ದನ್ನು ನೋಡಿ ಎಂದು ಹೇಳಿದೆ. ಆದರೆ ನಾಲ್ಕು ದಿನ ಮಾಡಿ "ಏನೂ ಆಗ್ಲಿಲ್ಲ" ಅಂದರೆ ಹೇಗೆ? ಎರಡು ಮೂರು ತಿಂಗಳಾದರೂ ಬಿಡದೆ ಮಾಡಬೇಕು.

ಉಸಿರು

ಬೆನ್ನು ನೇರ ಇರುವ ಹಾಗೆ ಕೂರಿ. ಪದ್ಮಾಸನ ಬರದಿದ್ದರೆ ಮರದ ಕುರ್ಚಿ ಆಗುತ್ತದೆ, ಮಂಡಿಗೆ ಹಿಂಸೆ ಕೊಟ್ಟು ಕೂರೋದರಲ್ಲಿ ಯಾವ ಪುಣ್ಯವೂ ಇಲ್ಲ. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆಯಿರಿ, ಆರು ಎಣಿಸುತ್ತಾ ಬಿಡಿ. ಒಂದು ಎಣಿಕೆಗೆ ಒಂದು ಸೆಕೆಂಡ್ ಅಂದುಕೊಂಡರೆ ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಸಾಕು. ಎಳೆಯುವಾಗ ಹೃದಯದ ಬಡಿತ ಸ್ವಲ್ಪ ಜಾಸ್ತಿಯಾಗುತ್ತದೆ, ಬಿಡುವಾಗ ವೇಗಸ್ ಎಂಬ ನರ ಅದನ್ನು ಇಳಿಸುತ್ತದೆ. ಹಾಗಾಗಿ ಬಿಡುವ ಉಸಿರು ಉದ್ದವಿದ್ದಷ್ಟೂ ಮೈ ತಣ್ಣಗಾಗುತ್ತದೆ. ಮಾರುಕಟ್ಟೆಯಲ್ಲಿ ಕಾಫಿ ರೇಟು ಬಿದ್ದ ದಿನ, ಕೊಯ್ಲಿಗೆ ಆಳು ಬಾರದ ದಿನ ಇದನ್ನೇ ಮಾಡಿ ನೋಡಿ. ರೇಟೇನೂ ಏರೋದಿಲ್ಲ, ಆದರೆ ಮನೆಯವರ ಮೇಲೆ ರೇಗೋದು ಕಡಿಮೆಯಾಗಬಹುದು.

ಟಿವಿ ನೋಡಿ ಜೋರಾಗಿ ಕಪಾಲಭಾತಿ, ಅಂದರೆ ಉಸಿರನ್ನು ರಭಸದಿಂದ ಹೊರದಬ್ಬೋದು, ಶುರು ಮಾಡುವವರಿದ್ದಾರೆ. ಗರ್ಭಿಣಿಯರು, ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು ಅದರ ಹತ್ತಿರ ಹೋಗಬೇಡಿ.

ಧ್ಯಾನ

ಇದಕ್ಕೆ ಸಂಜೆಯೇ ಲೇಸು. ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಕೊಡವರ ಮನೆಯ ನಡುಮನೆಯಲ್ಲಿ, ದೀಪ ಹಚ್ಚುವ ಮನೆಗಳಲ್ಲಿ ಆ ಹೊತ್ತು ಹೇಗೂ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ಅಲ್ಲಿಯೇ ಹತ್ತು ನಿಮಿಷ ಕೂತುಬಿಡಿ. ಹೊಸ ಅಭ್ಯಾಸವನ್ನು ಹಳೆಯ ಅಭ್ಯಾಸಕ್ಕೆ ಕಟ್ಟಿದರೆ ಮರೆತುಹೋಗೋದಿಲ್ಲ. ಧ್ಯಾನ ಯಾವುದೋ ಒಂದು ಮತದ ಸೊತ್ತೂ ಅಲ್ಲ. ಕುಶಾಲನಗರದ ಸೇತುವೆ ದಾಟಿದರೆ ಬೈಲಕುಪ್ಪೆ, ಅಲ್ಲಿ ಟಿಬೆಟಿನವರು 1961ರಿಂದ ನೆಲೆಸಿದ್ದಾರೆ, ಅವರ ಕ್ರಮವೇ ಬೇರೆ.

ಕಣ್ಣು ಮುಚ್ಚಿ ಹೆಂಚಿನ ಮೇಲೆ ಬೀಳುವ ಮಳೆ ಕೇಳಿ. ಜೋರಾಗುತ್ತದೆ, ಕಮ್ಮಿಯಾಗುತ್ತದೆ, ಗಾಳಿಗೆ ಒಂದು ಕಡೆ ಸರಿಯುತ್ತದೆ. ಅಷ್ಟರಲ್ಲಿ ಮನಸ್ಸು ಬ್ಯಾಂಕಿನ ಸಾಲಕ್ಕೆ ಹೋಗಿರುತ್ತದೆ. ಹೋಗಲಿ. ಹೋಯಿತು ಅಂತ ಗೊತ್ತಾದ ಕೂಡಲೇ ಬೈಯದೆ ಮತ್ತೆ ಮಳೆಗೆ ಕರೆದುಕೊಂಡು ಬನ್ನಿ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹೋದರೂ ಸೋತಿರಿ ಅಂತಲ್ಲ, ವಾಪಸ್ ಕರೆತರುವುದೇ ಧ್ಯಾನದ ಕೆಲಸ. ಬಿಸಿಲು ಕಾಣದ ಜುಲೈ ಆಗಸ್ಟಿನಲ್ಲಿ ಒಂದೇ ಚಿಂತೆ ತಲೆಯಲ್ಲಿ ಸುತ್ತುತ್ತಾ ಇರುತ್ತದಲ್ಲ, ಅದನ್ನು ನಡುವೆ ಕತ್ತರಿಸೋಕೆ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ನಿದ್ದೆಯೂ ಸುಧಾರಿಸಬಹುದು. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರದು, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಮಾತ್ರ ಧ್ಯಾನ ನೆಚ್ಚಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಮಾತಾಡಲು ಜನ ಸಿಗುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಬಿಪಿ, ಸಕ್ಕರೆ ಮಾತ್ರೆಗಳನ್ನು "ಯೋಗ ಶುರು ಮಾಡಿದೆ" ಅಂತ ನೀವಾಗಿಯೇ ನಿಲ್ಲಿಸಬೇಡಿ. ಸೊಂಟನೋವು ಕಾಲಿಗಿಳಿದು ಪಾದ ಜೋಮು ಹಿಡಿಯುತ್ತಿದ್ದರೆ ಮೇಲಿನ ಯಾವುದನ್ನೂ ಮಾಡದೆ ಮೊದಲು ತೋರಿಸಿಕೊಳ್ಳಿ.