ಹಾಲಿನ ಲೆಕ್ಕದ ಪಕ್ಕ ಒಂದು ಗೀಟು

ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿ. ಮುಟ್ಟಿಗೆ ಮುಂಚೆ ಕೆಲವರಿಗೆ ಮನಸ್ಸು ವಿಪರೀತ ಕೆಡುತ್ತದೆ, ಅದೊಂದು ಕಾಯಿಲೆ, ಅದಕ್ಕೆ ಔಷಧ ಇದೆ. ಇಷ್ಟನ್ನು ಊರೂರಿಗೆ ಹೇಳಬೇಕು ಅಂತ ಹೊರಟಿದ್ದೆ.

ಮೊದಲ ಸಭೆ ಅಂಗನವಾಡಿಯಲ್ಲಿ, ಸಂಘದ ಹೆಂಗಸರ ಜೊತೆ. ಬೋರ್ಡ್ ಮೇಲೆ ಆ ಕಾಯಿಲೆಯ ಹೆಸರು ಪಿಎಂಡಿಡಿ (ಪ್ರೀಮೆನ್ಸ್ಟ್ರುಅಲ್ ಡಿಸ್ಫೋರಿಕ್ ಡಿಸಾರ್ಡರ್) ಅಂತ ಬರೆದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿಕೊಂಡಿತು ಅಂದೆ. 11 ಲಕ್ಷಣ ಓದಿದೆ. "ಎಲ್ರಿಗೂ ಆಗೋದೇ ಅಲ್ವಾ ಮೇಡಂ" ಅಂದರು ಒಬ್ಬರು. ಅಲ್ಲಿಗೆ ಸಭೆ ಮುಗಿಯಿತು.

ಜಮಖಾನ ಮಡಚುವಾಗ ಒಬ್ಬಳು ಇನ್ನೊಂದು ತುದಿ ಹಿಡಿದುಕೊಂಡಳು. ಎರಡು ಮಕ್ಕಳ ತಾಯಿ. ತುದಿಗೆ ತುದಿ ಸೇರಿಸಲು ಹತ್ತಿರ ಬಂದಾಗ ಮೆಲ್ಲಗೆ ಹೇಳಿದಳು: "ಅಕ್ಕಾ, ತಿಂಗಳಿಗೆ ಐದಾರು ದಿನ ಬಾವಿ ಹತ್ರ ಹೋಗೋಕೆ ನಂಗೇ ಭಯ ಆಗುತ್ತೆ. ಮುಟ್ಟಾಗಿ ಒಂದೆರಡು ದಿನಕ್ಕೆ ಏನೂ ಇರಲ್ಲ. ಆಗ ಮಕ್ಕಳಿಗೆ ಬೈದಿದ್ದು ನೆನೆಸ್ಕೊಂಡು ಅಳ್ತೀನಿ."

ಅವಳ ಜೊತೆ ಮನೆವರೆಗೂ ನಡೆದೆ. ಎಲ್ಲೋ ರಕ್ತ ಪರೀಕ್ಷೆ ಮಾಡಿಸಿದ್ದಳಂತೆ. ಎಲ್ಲಾ ನಾರ್ಮಲ್, ಸುಮ್ನೆ ಯೋಚನೆ ಮಾಡ್ಬೇಡ ಅಂತ ಕಳಿಸಿದ್ದರು. ರಿಪೋರ್ಟ್ ನಾರ್ಮಲ್ಲೇ ಬರುತ್ತದೆ. ಇದರಲ್ಲಿ ಹಾರ್ಮೋನು ಹೆಚ್ಚುಕಡಿಮೆ ಆಗಿರುವುದಿಲ್ಲ. ಎಲ್ಲರಿಗೂ ಆಗುವ ಹಾರ್ಮೋನಿನ ಏರಿಳಿತವನ್ನೇ ಕೆಲವರ ಮೆದುಳು ತಡೆದುಕೊಳ್ಳುವುದಿಲ್ಲ. ಪತ್ತೆ ಹಚ್ಚಲು ಕನಿಷ್ಠ 2 ಸಲದ ಮುಟ್ಟಿನವರೆಗೆ ದಿನಾ ಬರೆದಿಡಬೇಕು.

ನನ್ನ ಬ್ಯಾಗಿನಲ್ಲಿ ಚಾರ್ಟ್ ಇತ್ತು, ಒಂದೊಂದು ಲಕ್ಷಣಕ್ಕೂ ಅಂಕ ಹಾಕುವಂಥದ್ದು. ಅವಳಿಗೆ ಅಷ್ಟು ಪುರುಸೊತ್ತೆಲ್ಲಿ? ಅಡುಗೆಮನೆ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘದ ಕಂತು, ಎಲ್ಲಾ ಅದರಲ್ಲೇ. ಇಲ್ಲೇ ಬರಿ ಅಂದೆ. ಮಲಗುವ ಮುಂಚೆ ನೆನೆಸಿಕೊ. ಮನಸ್ಸು ತೀರಾ ಕೆಟ್ಟಿದ್ದರೆ ಒಂದು ಗೀಟು. ಮುಟ್ಟಾದ ದಿನ ಒಂದು ಸೊನ್ನೆ.

ಬಾವಿಯ ಮಾತು ಕೇಳಿದ ಮೇಲೆ ಎರಡು ತಿಂಗಳು ಕಾಯುವ ಹಾಗಿರಲಿಲ್ಲ. ಅದೇ ವಾರ ಮನೋವೈದ್ಯರಿಗೆ ತೋರಿಸಿದೆ. ಆಗಾಗ ಫೋನ್ ಮಾಡುತ್ತಿದ್ದೆ. ಎರಡು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟಾಗ ಗೀಟೆಲ್ಲ ಸೊನ್ನೆಯ ಹಿಂದೆಮುಂದೆ ಚೆದುರಿರಲಿಲ್ಲ. ಎರಡರಲ್ಲೂ ಸೊನ್ನೆಗೆ ಮುಂಚೆಯೇ ಸಾಲಾಗಿ ಕೂತಿದ್ದವು. ಆಮೇಲಿನ ಮನೆಗಳು ಖಾಲಿ. ಅವಳು ಬೆರಳಿಟ್ಟು ಎರಡು ಸಲ ಎಣಿಸಿದಳು. "ಇದನ್ನ ನಮ್ಮತ್ತೆಗೆ ತೋರಿಸ್ಲಾ?" ಅಂದಳು.

ಉಳಿದಿದ್ದನ್ನು ಡಾಕ್ಟರ್ ವಿಚಾರಿಸಿ ಮಾತ್ರೆ ಬರೆದರು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳೇ ಇದಕ್ಕೂ. ಕೆಲವರಿಗೆ ಮುಟ್ಟಿನ ಮುಂಚಿನ ಎರಡು ವಾರ ತೆಗೆದುಕೊಂಡರೆ ಸಾಕಾಗುತ್ತದೆ. ಯಾರಿಗೆ ಹೇಗೆ ಅನ್ನೋದನ್ನು ಡಾಕ್ಟರೇ ಹೇಳಬೇಕು.

ಆಮೇಲಿಂದ ನಾನು ಸಭೆಯಲ್ಲಿ ಕಾಯಿಲೆಯ ಹೆಸರು ಮೊದಲು ಎತ್ತುವುದಿಲ್ಲ. ಗೀಟು ಹಾಕಲು ಹೇಳಿಕೊಟ್ಟು, ಎರಡು ತಿಂಗಳು ಬಿಟ್ಟು ಮತ್ತೆ ಹೋಗುತ್ತೇನೆ. ಹೆಚ್ಚಿನವರದ್ದು ಅಲ್ಲೊಂದು ಇಲ್ಲೊಂದು ಗೀಟು. ಒಬ್ಬರ ಹಾಳೆ ತುಂಬಾ ಗೀಟಿತ್ತು. ಅವರಿಗೆ ತಿಂಗಳಿಡೀ ಖಿನ್ನತೆ, ಮುಟ್ಟಿನ ಮುಂಚೆ ಇನ್ನೂ ಜಾಸ್ತಿ. ಅದನ್ನು ಬೇರೆಯಾಗಿಯೇ ನೋಡಬೇಕು.

ಗಂಡಸರ ವಿಷಯದಲ್ಲಿ ಎಡವಿದೆ. ಅವರನ್ನೂ ಕೂರಿಸಿ ಎಲ್ಲಾ ಹೇಳಿದ್ದೆ. ಮುಂದಿನ ತಿಂಗಳು ಒಬ್ಬಾಕೆ ಬಂದು, "ಕುಡಿದು ಬಂದಿದ್ದಕ್ಕೆ ಬೈದ್ರೂ ‘ಡೇಟ್ ಹತ್ರ ಬಂತಾ’ ಅಂತಾರೆ" ಅಂದಳು. ಎದೆ ಧಸಕ್ಕೆಂದಿತು. ಅವಳ ಸಿಟ್ಟಿಗೆ ಕಾರಣ ಎದುರಿಗೇ ನಿಂತಿತ್ತು. ಈಗ ಗಂಡಸರಿಗೆ ಎರಡೇ ಮಾತು ಹೇಳುತ್ತೇನೆ. ಗೀಟಿನ ವಿಷಯ ನೀವಾಗಿ ಎತ್ತಬೇಡಿ. ಸಾಯಬೇಕು ಅನ್ಸುತ್ತೆ ಅಂದರೆ ಒಬ್ಬಳನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಕ್ಯಾಲೆಂಡರಿನ ಮೇಲೆಯೇ ಬರೆಸುತ್ತೇನೆ.

ಜಮಖಾನ ಮಡಚಿದವಳ ಹಾಳೆಯಲ್ಲಿ ಈಗ ತಿಂಗಳಿಗೆ ಒಂದೋ ಎರಡೋ ಗೀಟು. ಆ ದಿನಗಳಲ್ಲಿ ನೀರು ಸೇದುವುದು ಅವಳ ಅತ್ತೆ.