ಮೆಕ್ ಯುದ್ಧದ ಇಂಡೀ ಆಟ ಕೊಳ್ಳುವ ಮೊದಲು ಆಟಗಾರರ ಅಭಿಪ್ರಾಯ ಓದುವ ಬಗೆ

"ಅಣ್ಣಾ, ರಿವ್ಯೂ ಛಲೋ ಅವ, ತಗೋಬೇಕಾ ಬ್ಯಾಡಾ?" ಎಂದು ಕಲಬುರಗಿಯ ಕಾಲೇಜು ಹುಡುಗರು ಮೊಬೈಲಿನಲ್ಲಿ ಆಟದ ಪುಟ ತೋರಿಸಿ ಕೇಳಿದಾಗಲೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ಛಲೋ ಎಂದವರು ಯಾರು, ಎಂಥ ಕಂಪ್ಯೂಟರಿನಲ್ಲಿ ಆಡಿದರು, ಆಟದಿಂದ ಏನನ್ನು ಬಯಸಿದ್ದರು? ಮೆಕ್ ಯುದ್ಧದ ಆಟಗಳಲ್ಲಿ, ಅಂದರೆ ಮನೆಯೆತ್ತರದ ಕಾಲುಳ್ಳ ಯಂತ್ರವನ್ನು ತಾವೇ ನಡೆಸುತ್ತ ಅಥವಾ ಅಂಥ ಯಂತ್ರಗಳ ಪಡೆಗೆ ಆಜ್ಞೆ ಕೊಡುತ್ತ ಕಾದಾಡುವ ಆಟಗಳಲ್ಲಿ, ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಪುಟದ ಮೇಲಿನ ಅಂಕಿ ನಮಗೆ ಹೆಚ್ಚೇನನ್ನೂ ತಿಳಿಸುವುದಿಲ್ಲ. ದೊಡ್ಡ ಕಂಪನಿಯ ಆಟವಾದರೆ ಪತ್ರಿಕೆಗಳ ವಿಮರ್ಶೆಗಳು ಬೇಕಾದಷ್ಟು ಇರುತ್ತವೆ; ಸಣ್ಣ ತಂಡವೊಂದು ತನ್ನ ದುಡ್ಡಿನಲ್ಲಿ ಮಾಡಿದ ಇಂಡೀ ಆಟಕ್ಕೆ ಬಹುಮಟ್ಟಿಗೆ ಆಟಗಾರರ ಮಾತೇ ಆಧಾರ. ಆ ಮಾತನ್ನು ಹೇಗೆ ಓದಬೇಕು, ಅದರಲ್ಲಿ ನಮ್ಮ ಭಾಗದವರು ವಿಶೇಷವಾಗಿ ಏನನ್ನು ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಅಂಕಿಯ ವಿಚಾರವನ್ನು ಮುಗಿಸೋಣ. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಟಗಾರ ಅಂಕ ಕೊಡುವುದಿಲ್ಲ. ಶಿಫಾರಸು ಮಾಡುತ್ತೇನೆ ಅಥವಾ ಮಾಡುವುದಿಲ್ಲ ಎಂದಷ್ಟೇ ಹೇಳುತ್ತಾನೆ. ಆದ್ದರಿಂದ ಶೇ. 85 ಎಂದಿದ್ದರೆ ಆಟಕ್ಕೆ ನೂರಕ್ಕೆ 85 ಅಂಕ ಬಂದಿದೆ ಎಂದಲ್ಲ, ನೂರರಲ್ಲಿ 85 ಮಂದಿ "ಆಡಬಹುದು" ಎಂದಿದ್ದಾರೆ ಎಂದು ತಿಳಿಯಬೇಕು. ಶೇ. 40ರಿಂದ 69ರವರೆಗಿನ ಎಲ್ಲ ಆಟಗಳಿಗೂ "ಮಿಕ್ಸ್ಡ್" ಎಂಬ ಒಂದೇ ಹಣೆಪಟ್ಟಿ ಬೀಳುವುದರಿಂದ, ಹಣೆಪಟ್ಟಿಯನ್ನು ಬಿಟ್ಟು ಅದರ ಹಿಂದಿನ ಶೇಕಡಾವಾರನ್ನು ನೋಡುವುದು ಒಳ್ಳೆಯದು. ಒಟ್ಟು ಎಷ್ಟು ಮಂದಿ ಬರೆದಿದ್ದಾರೆ ಎಂಬುದನ್ನೂ ಗಮನಿಸಬೇಕು. ಹತ್ತು ಅಭಿಪ್ರಾಯಗಳು ಬಂದ ಕೂಡಲೇ ಹಣೆಪಟ್ಟಿ ಕಾಣಿಸಿಕೊಳ್ಳುತ್ತದೆ. ಹದಿನೈದು ಅಭಿಪ್ರಾಯಗಳಿರುವ ಆಟದಲ್ಲಿ ತಂಡದ ಗೆಳೆಯರು ನಾಲ್ಕು ಮಂದಿ ಬರೆದರೂ ಅಂಕಿ ವಾಲುತ್ತದೆ. ಆಟವನ್ನು ಪುಕ್ಕಟೆಯಾಗಿ ಪಡೆದವರ ಅಭಿಪ್ರಾಯದ ಮೇಲೆ ಆ ಗುರುತು ಇರುತ್ತದೆ. ಇಂಥವನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಬೆಲೆಗೆ ತಕ್ಕದ್ದೇ ಎಂಬ ಪ್ರಶ್ನೆಗೆ ಅವು ಉತ್ತರವಾಗಲಾರವು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮೆಕ್ ಆಟದ ಜೀವಾಳವೇ ತೂಕ. ಯಂತ್ರ ಹೆಜ್ಜೆಯಿಟ್ಟರೆ ನೆಲ ನಡುಗಬೇಕು, ತಿರುಗಲು ಹೊತ್ತು ಬೇಕಾಗಬೇಕು, ತೋಪು ಹಾರಿಸಿದರೆ ಮೈ ಹಿಂದಕ್ಕೆ ಸರಿಯಬೇಕು ಎಂದು ಬಯಸುವವರು ಒಂದು ಬಗೆ. ಜಪಾನಿನ ಅನಿಮೆಯಲ್ಲಿ ಕಾಣುವಂತೆ ಗಾಳಿಯಲ್ಲಿ ಜಾರುತ್ತ, ಕಣ್ಣೆವೆ ಮುಚ್ಚುವುದರೊಳಗೆ ಎದುರಾಳಿಯ ಬೆನ್ನಿಗೆ ಬರಬೇಕೆನ್ನುವವರು ಇನ್ನೊಂದು ಬಗೆ. ಮೆಕ್‌ವಾರಿಯರ್ ಸರಣಿಯಿಂದ ಬಂದವರು ಮೊದಲ ಗುಂಪಿಗೆ, ಆರ್ಮರ್ಡ್ ಕೋರ್ ಸರಣಿಯಿಂದ ಬಂದವರು ಸಾಮಾನ್ಯವಾಗಿ ಎರಡನೆಯ ಗುಂಪಿಗೆ ಸೇರುತ್ತಾರೆ. ಹೀಗಾಗಿ ಒಂದೇ ಆಟದ ಒಂದೇ ಗುಣವನ್ನು ಒಬ್ಬರು "ಯಂತ್ರ ಭಾರವಾಗಿದೆ, ಅದ್ಭುತ" ಎಂದು ಹೊಗಳಿದರೆ ಮತ್ತೊಬ್ಬರು "ಎಮ್ಮೆ ನಡೆದಂತೆ ನಡೆಯುತ್ತದೆ, ದುಡ್ಡು ದಂಡ" ಎಂದು ಬೈಯುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ, ಮತ್ತು ಇಬ್ಬರ ಮಾತನ್ನೂ ಕೂಡಿಸಿ ಓದಿದವನಿಗೆ ಆಟದ ನಿಜವಾದ ಸ್ವರೂಪ ತಿಳಿಯುತ್ತದೆ. ಅಭಿಪ್ರಾಯ ಬರೆದವರು ಯಾವ ಆಟದೊಂದಿಗೆ ಹೋಲಿಸುತ್ತಿದ್ದಾರೆ ಎಂಬುದನ್ನು ಹುಡುಕಿ. ಆ ಹೋಲಿಕೆಯ ಆಟ ನಿಮಗೆ ಇಷ್ಟವಾಗಿದ್ದಲ್ಲಿ ಮಾತ್ರ ಅವರ ಮೆಚ್ಚುಗೆ ಅಥವಾ ಬೇಸರ ನಿಮ್ಮದೂ ಆಗುವ ಸಂಭವವಿದೆ.

ತೂಕದ ಜತೆಗೇ ಬರುವುದು ಕಂಟ್ರೋಲ್‌ಗಳ ದೂರು. ಬಂದೂಕಿನ ಆಟಗಳಲ್ಲಿ ನೋಡಿದ ಕಡೆಗೆ ನಡೆಯುವುದು ನಮ್ಮ ಕೈಗೆ ರೂಢಿಯಾಗಿದೆ. ಆದರೆ ಅನೇಕ ಮೆಕ್ ಆಟಗಳಲ್ಲಿ ಕಾಲುಗಳ ದಿಕ್ಕು ಬೇರೆ, ಸೊಂಟದ ಮೇಲಿನ ಭಾಗದ ದಿಕ್ಕು ಬೇರೆ. ಯಂತ್ರ ಉತ್ತರಕ್ಕೆ ನಡೆಯುತ್ತಿರುವಾಗಲೇ ತೋಪು ಪೂರ್ವಕ್ಕೆ ಗುಂಡು ಹಾರಿಸಬಹುದು. ಇದು ಕೈಗೆ ಕೂಡುವವರೆಗೆ ಯಾರಿಗಾದರೂ ಕಿರಿಕಿರಿಯೇ. 2016ರಲ್ಲಿ ಸ್ಟೆಲರ್ ಜಾಕೀಸ್ ಎಂಬ ಸಣ್ಣ ತಂಡ ಹೊರತಂದ ಬ್ರಿಗೆಡಾರ್ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲಿನಿಂದ ಓರೆಯಾಗಿ ಕಾಣುವ ನಗರದಲ್ಲಿ ಮೆಕ್, ಟ್ಯಾಂಕ್, ನೆಲದಿಂದ ಮೇಲೆದ್ದು ತೇಲುವ ವಾಹನ ಎಂಬ ಮೂರು ಬಗೆಯ ಯಂತ್ರಗಳನ್ನು ನಡೆಸುತ್ತ, ಗೋಡೆ ಕಟ್ಟಡಗಳನ್ನೆಲ್ಲ ಕೆಡವಿ ದಾರಿ ಮಾಡಿಕೊಳ್ಳುವ ಆಟವದು. ಮೊದಲಿಗೆ ಅದರ ಚಾಲನೆಯ ಕ್ರಮಕ್ಕೆ ಬಹಳ ಟೀಕೆ ಬಂತು, ಮಾರಾಟವೂ ನಿರೀಕ್ಷೆಯಷ್ಟು ಆಗಲಿಲ್ಲ. ತಂಡ ಕೈಬಿಡದೆ ತಿದ್ದಿ, ಮರುವರ್ಷ ಅಪ್-ಆರ್ಮರ್ಡ್ ಎಂಬ ಪರಿಷ್ಕೃತ ಆವೃತ್ತಿಯನ್ನು ಕೊಟ್ಟಿತು. ಇಂದಿಗೂ ಆ ಆಟವನ್ನು ಮನಸಾರೆ ಮೆಚ್ಚುವವರು ಅನೇಕರಿದ್ದಾರೆ, ಅವರಲ್ಲಿ ನಾನೂ ಒಬ್ಬ.

ಇಂಥ ಸಂದರ್ಭದಲ್ಲಿ ಕೈಗಂಬದಂತೆ ದಾರಿ ತೋರುವುದು ಪ್ರತಿ ಅಭಿಪ್ರಾಯದ ಮೇಲೆ ಕಾಣುವ ಆಟದ ಗಂಟೆಗಳು. ಒಟ್ಟು ಎಷ್ಟು ಗಂಟೆ ಆಡಿದ್ದಾರೆ, ಅಭಿಪ್ರಾಯ ಬರೆಯುವ ಹೊತ್ತಿಗೆ ಎಷ್ಟು ಆಡಿದ್ದರು ಎಂಬ ಎರಡನ್ನೂ ಸ್ಟೀಮ್ ತೋರಿಸುತ್ತದೆ. ಒಂದು ಗಂಟೆ ಆಡಿ ಕಂಟ್ರೋಲ್ ಸರಿಯಿಲ್ಲ ಎಂದವರ ಮಾತಿನಿಂದ ಆಟದ ಮೊದಲ ಗಂಟೆ ಹೇಗಿದೆ ಎಂದು ತಿಳಿಯುತ್ತದೆ. ನಲವತ್ತು ಗಂಟೆ ಆಡಿ ಅದೇ ದೂರು ಹೇಳುವವರ ಮಾತನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು, ಏಕೆಂದರೆ ಅಷ್ಟು ಹೊತ್ತಾದರೂ ಅದು ಕೈಗೆ ಕೂಡಿಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಹೆಚ್ಚು ಗಂಟೆ ಆಡಿಯೂ ಶಿಫಾರಸು ಮಾಡದವರಿಗೆ. ಪ್ರೀತಿಯಿಂದ ಆಡಿದವರು ಬೇಸರಗೊಂಡರೆ ಕಾರಣವನ್ನು ಬಿಡಿಸಿ ಬರೆಯುತ್ತಾರೆ: ಶತ್ರುಗಳು ಎಲ್ಲ ಹಂತದಲ್ಲೂ ಒಂದೇ ರೀತಿ ನುಗ್ಗುತ್ತಾರೆ, ಒಂದು ಆಯುಧ ಸಿಕ್ಕ ಮೇಲೆ ಮಿಕ್ಕವು ವ್ಯರ್ಥವಾಗುತ್ತವೆ, ಹತ್ತನೆಯ ಕಾರ್ಯಾಚರಣೆಯ ನಂತರ ಹೊಸದೇನೂ ಇಲ್ಲ ಎಂಬಂಥ ಸಂಗತಿಗಳು ಅವರಿಂದಲೇ ತಿಳಿಯುತ್ತವೆ. ಅಭಿಪ್ರಾಯಗಳ ಪಟ್ಟಿಯ ಮೇಲ್ಭಾಗದಲ್ಲಿ ಆಡಿದ ಗಂಟೆಗಳಿಗೆ ತಕ್ಕಂತೆ ಜರಡಿ ಹಿಡಿಯುವ ಸೌಲಭ್ಯವಿದೆ. ಅದನ್ನು ಬಳಸಿ, ಮೊದಲು ಕೆಳಮುಖ ಹೆಬ್ಬೆರಳಿನವನ್ನು, ಅಂದರೆ ಶಿಫಾರಸು ಮಾಡದವರ ಅಭಿಪ್ರಾಯಗಳನ್ನು, ಓದಿ.

ಸರದಿಯ ಮೇಲೆ ಆಡುವ ಮೆಕ್ ಆಟಗಳ ಅಭಿಪ್ರಾಯಗಳನ್ನು ಓದುವ ಬಗೆ ತುಸು ಬೇರೆ. ಇಲ್ಲಿ ಕೈಚಳಕದ ಮಾತಿಲ್ಲ, ಯೋಚನೆಯ ಮಾತು. 2018ರಲ್ಲಿ ಬಂದ ಇಂಟು ದ ಬ್ರೀಚ್ ಎಂಟು ಸಾಲು, ಎಂಟು ಮನೆಗಳ ಹಾಸಿನ ಮೇಲೆ ಮೂರು ಮೆಕ್‌ಗಳನ್ನು ಇಟ್ಟು ಆಡುವ ಆಟ. ಶತ್ರು ಮುಂದೆ ಎಲ್ಲಿ ಹೊಡೆಯುತ್ತಾನೆಂದು ಮೊದಲೇ ತೋರಿಸುತ್ತದೆ, ಆದ್ದರಿಂದ ಸೋತರೆ ಅದೃಷ್ಟವನ್ನು ದೂರುವಂತಿಲ್ಲ. ಫ್ಯಾಂಟಮ್ ಬ್ರಿಗೇಡ್ ಮುಂದಿನ ಐದು ಸೆಕೆಂಡುಗಳಲ್ಲಿ ಏನಾಗಲಿದೆ ಎಂಬುದನ್ನು ಕಾಲರೇಖೆಯ ಮೇಲೆ ತೋರಿಸಿ, ಅದಕ್ಕೆ ತಕ್ಕಂತೆ ಯಂತ್ರಗಳ ಚಲನೆಯನ್ನು ಜೋಡಿಸಲು ಹೇಳುತ್ತದೆ. ಅದೇ 2018ರ ಬ್ಯಾಟಲ್‌ಟೆಕ್ ಇಪ್ಪತ್ತರಿಂದ ನೂರು ಟನ್ ತೂಗುವ ಯಂತ್ರಗಳಿಗೆ ಕವಚ, ಆಯುಧ, ಶಾಖ ಇಳಿಸುವ ಉಪಕರಣಗಳನ್ನು ತೂಕ ಮೀರದಂತೆ ಹೊಂದಿಸುವ ಆಟ. ಗುಂಡು ಹೊಡೆದಷ್ಟೂ ಯಂತ್ರ ಕಾಯುತ್ತದೆ, ನೀರಿನಲ್ಲಿ ನಿಂತರೆ ಬೇಗ ತಣಿಯುತ್ತದೆ. ಈ ಲೆಕ್ಕಾಚಾರವನ್ನೇ ಕೆಲವರು ಆಟದ ಸವಿ ಎನ್ನುತ್ತಾರೆ, ಕೆಲವರು ಕಾಗದಪತ್ರದ ಕೆಲಸ ಎನ್ನುತ್ತಾರೆ. ನಿಮಗೆ ಗ್ಯಾರೇಜಿನಲ್ಲಿ ಕುಳಿತು ಬಿಡಿಭಾಗ ಹೊಂದಿಸುವುದು ಇಷ್ಟವೋ, ರಣರಂಗಕ್ಕೆ ಇಳಿಯುವುದು ಇಷ್ಟವೋ ಎಂದು ಮೊದಲೇ ನಿರ್ಧರಿಸಿಕೊಂಡರೆ ಅರ್ಧ ಅಭಿಪ್ರಾಯಗಳು ತಾವಾಗಿಯೇ ಬದಿಗೆ ಸರಿಯುತ್ತವೆ.

ದಿನಾಂಕವನ್ನು ನೋಡದೆ ಓದಬೇಡಿ. ಬ್ಯಾಟಲ್‌ಟೆಕ್ ಬಿಡುಗಡೆಯಾದಾಗ ಯುದ್ಧದ ದೃಶ್ಯಗಳು ತೀರ ನಿಧಾನವೆಂಬ ದೂರು ವ್ಯಾಪಕವಾಗಿತ್ತು; ಮುಂದಿನ ಪ್ಯಾಚ್‌ನಲ್ಲಿ, ಅಂದರೆ ತಂಡ ಆಮೇಲೆ ಕಳಿಸಿದ ತಿದ್ದುಪಡಿಯಲ್ಲಿ, ವೇಗ ಹೆಚ್ಚಿಸಿಕೊಳ್ಳುವ ಆಯ್ಕೆ ಬಂತು, ಆದರೆ ಹಳೆಯ ದೂರುಗಳು ಪುಟದಲ್ಲಿ ಹಾಗೆಯೇ ಉಳಿದವು. ಅರ್ಲಿ ಆಕ್ಸೆಸ್‌ನಲ್ಲಿರುವ, ಅಂದರೆ ಇನ್ನೂ ತಯಾರಾಗುತ್ತಿರುವಾಗಲೇ ಮಾರುವ ಆಟಗಳಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಆ ಅವಧಿಯಲ್ಲಿ ಬರೆದ ಅಭಿಪ್ರಾಯದ ಮೇಲೆ ಗುರುತು ಇರುತ್ತದೆ. ಕಳೆದ ಮೂವತ್ತು ದಿನಗಳ ಅಭಿಪ್ರಾಯ ಒಟ್ಟು ಅಭಿಪ್ರಾಯಕ್ಕಿಂತ ಬಹಳ ಕೆಳಗಿದ್ದರೆ ಯಾವುದೋ ಪ್ಯಾಚ್ ಆಟವನ್ನು ಕೆಡಿಸಿರಬಹುದು, ಬಹಳ ಮೇಲಿದ್ದರೆ ತಂಡ ದುಡಿಯುತ್ತಿದೆ ಎಂದು ತಿಳಿಯಬಹುದು.

ಇಷ್ಟು ಓದಿದ ಮೇಲೂ ನಮ್ಮ ಊರಿನ ಪರಿಸ್ಥಿತಿಯನ್ನು ಸೇರಿಸಿ ನೋಡದಿದ್ದರೆ ಓದು ಅಪೂರ್ಣ. "ನನ್ನ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುತ್ತದೆ" ಎಂದು ಬರೆದವನು ತಂಪು ದೇಶದ ಕೋಣೆಯೊಂದರಲ್ಲಿ ಕುಳಿತಿರಬಹುದು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಹಗಲಿಡೀ ಕಾದ ಮಾಳಿಗೆಯ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ತಣಿಯುವುದಿಲ್ಲ. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ ಲ್ಯಾಪ್‌ಟಾಪ್‌ನ ಫ್ಯಾನ್ ಆ ಬಿಸಿ ಗಾಳಿಯನ್ನೇ ಒಳಗೆಳೆಯುತ್ತದೆ, ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ಮೊದಲ ಹದಿನೈದು ನಿಮಿಷ ಚೆನ್ನಾಗಿ ಓಡಿದ ಆಟ ಆಮೇಲೆ ತಡವರಿಸತೊಡಗುತ್ತದೆ. ಆದ್ದರಿಂದ ಅಭಿಪ್ರಾಯಗಳಲ್ಲಿ ನಿಮ್ಮದಕ್ಕೆ ಸಮನಾದ ಗ್ರಾಫಿಕ್ಸ್ ಕಾರ್ಡ್ ಇರುವವರನ್ನು ಹುಡುಕುವುದಷ್ಟೇ ಸಾಲದು. ಫ್ಯಾನ್ ಜೋರಾಗಿ ಕೂಗುತ್ತದೆ, ಕಾದು ಬಂದ್ ಆಯಿತು, ಕಟ್ಟಡಗಳು ಕುಸಿಯುವಾಗ ಫ್ರೇಮ್ ಬೀಳುತ್ತದೆ (ಚಿತ್ರ ತಡೆತಡೆದು ಓಡುತ್ತದೆ) ಎಂಬ ಮಾತುಗಳು ಒಂದೆರಡು ಕಡೆ ಕಂಡರೂ ಇಲ್ಲಿಯವರು ಅದನ್ನು ದುಪ್ಪಟ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಎಲ್ಲವೂ ಪುಡಿಯಾಗುವ ನಗರವಿರುವ ಮೆಕ್ ಆಟಗಳು ಈ ವಿಷಯದಲ್ಲಿ ಕಂಪ್ಯೂಟರಿಗೆ ಹೆಚ್ಚು ಕೆಲಸ ಕೊಡುತ್ತವೆ.

ಕರೆಂಟು ಹೋಗುವುದೂ ನಮ್ಮಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ವಿಷಯ, ವಿಶೇಷವಾಗಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ಆಡುವವರಿಗೆ. ಕಾರ್ಯಾಚರಣೆಯ ನಡುವೆ ಸೇವ್ ಮಾಡಬಹುದೇ ಎಂದು ಅಭಿಪ್ರಾಯಗಳಲ್ಲಿ ಹುಡುಕಿ. ಬ್ಯಾಟಲ್‌ಟೆಕ್‌ನಲ್ಲಿ ಅದು ಸಾಧ್ಯ. ಮೆಕ್‌ವಾರಿಯರ್ 5ರಲ್ಲಿ ಕಾರ್ಯಾಚರಣೆ ಮುಗಿಯುವವರೆಗೆ ಸೇವ್ ಇಲ್ಲ, ಅರ್ಧ ಗಂಟೆಯ ಕಾದಾಟ ಒಂದು ಕ್ಷಣದಲ್ಲಿ ಹೋಗಬಹುದು. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಡೌನ್‌ಲೋಡ್ ಮಾಡುವವರು ಗಾತ್ರವನ್ನೂ ನೋಡಬೇಕು: ಬ್ಯಾಟಲ್‌ಟೆಕ್‌ಗೆ 35 ಜಿಬಿ ಜಾಗ ಬೇಕು, ಇಂಟು ದ ಬ್ರೀಚ್ ಒಂದು ಜಿಬಿಯನ್ನೂ ಮುಟ್ಟುವುದಿಲ್ಲ.

ಆನ್‌ಲೈನ್‌ನಲ್ಲಿ ಮಾತ್ರ ಆಡಬಹುದಾದ ಇಂಡೀ ಮೆಕ್ ಆಟಗಳ ಬಗ್ಗೆ ನನ್ನ ಸಲಹೆ ಕಟ್ಟುನಿಟ್ಟು. ಎದುರಾಳಿಗಳು ಸಿಗಲು ಎಷ್ಟು ಹೊತ್ತು ಕಾಯಬೇಕು, ಭಾರತದಿಂದ ಆಡುವವರಿಗೆ ಪಿಂಗ್ (ಸರ್ವರ್‌ನಿಂದ ಉತ್ತರ ಬರಲು ತಗಲುವ ಹೊತ್ತು) ಎಷ್ಟು, ಒಬ್ಬರೇ ಆಡುವ ಅವಕಾಶವಿದೆಯೇ ಎಂಬ ಮೂರಕ್ಕೂ ಇತ್ತೀಚಿನ ಅಭಿಪ್ರಾಯಗಳಲ್ಲಿ ಉತ್ತರ ಸಿಗದಿದ್ದರೆ ದುಡ್ಡು ಹಾಕಬೇಡಿ. ಹಾಕೆನ್ ಎಂಬ ಬಹಳ ಚೆಲುವಾದ ಮೆಕ್ ಆಟದ ಪಿಸಿ ಸರ್ವರ್‌ಗಳು 2018ರ ಜನವರಿಯಲ್ಲಿ ಮುಚ್ಚಿದವು. ಅದನ್ನು ಪ್ರೀತಿಸಿದವರ ಬಳಿ ಆಡಲು ಏನೂ ಉಳಿಯಲಿಲ್ಲ.

ಕೊಂಡ ಮೇಲೆ ನಿಮ್ಮದೇ ಪರೀಕ್ಷೆ ನಡೆಯಬೇಕು. ಕೊಂಡು 14 ದಿನಗಳೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಆಟ ತೆರೆದಿಟ್ಟ ಹೊತ್ತೆಲ್ಲ ಲೆಕ್ಕಕ್ಕೆ ಸೇರುವುದರಿಂದ, ಮೆಕ್ ಆಟಗಳ ಗ್ಯಾರೇಜು ಇಲ್ಲಿ ಅಪಾಯಕಾರಿ: ಬಣ್ಣ ಬಳಿದು, ಆಯುಧ ಬದಲಿಸಿ ನೋಡುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಮೊದಲು ಕೀಲಿಗಳನ್ನು ನಿಮ್ಮ ಕೈಗೆ ಹೊಂದಿಸಿಕೊಳ್ಳಿ, ಪಾಠದ ಹಂತವನ್ನು ಮುಗಿಸಿ, ಕೂಡಲೇ ನಿಜವಾದ ಕಾದಾಟಕ್ಕೆ ಇಳಿಯಿರಿ. ಇದನ್ನು ಬೆಳಗಿನ ತಂಪಿನಲ್ಲಿ ಮಾಡದೆ, ನೀವು ದಿನವೂ ಆಡುವ ಹೊತ್ತಿನಲ್ಲೇ, ನಡುವೆ ನಿಲ್ಲಿಸದೆ ಮುಕ್ಕಾಲು ಗಂಟೆಯಾದರೂ ಮಾಡಬೇಕು. ಆಗಲೇ ನಿಮ್ಮ ಕಂಪ್ಯೂಟರ್ ಕಾದ ಮೇಲೆ ಹೇಗೆ ನಡೆದುಕೊಳ್ಳುತ್ತದೆಂದು ಗೊತ್ತಾಗುತ್ತದೆ. ಅಭಿಪ್ರಾಯಗಳಲ್ಲಿ ಓದಿದ ಯಾವ ದೂರು ನಿಮ್ಮ ಅನುಭವಕ್ಕೂ ಬಂತು, ಯಾವುದು ಬರಲಿಲ್ಲ ಎಂದು ಗಮನಿಸಿ, ಎರಡು ಗಂಟೆ ತುಂಬುವ ಮೊದಲೇ ತೀರ್ಮಾನಿಸಿ.

ಇಟ್ಟುಕೊಂಡರೂ ಹಿಂದಿರುಗಿಸಿದರೂ ಒಂದು ಅಭಿಪ್ರಾಯ ಬರೆಯಿರಿ ಎಂದು ಕಳಕಳಿಯಿಂದ ಕೇಳುತ್ತೇನೆ, ಏಕೆಂದರೆ ಸಣ್ಣ ತಂಡಕ್ಕೂ ನಮ್ಮ ಭಾಗದ ಮುಂದಿನ ಆಟಗಾರನಿಗೂ ಅದರಿಂದ ನೇರ ಉಪಯೋಗವಿದೆ. ನಿಮ್ಮ ಕಂಪ್ಯೂಟರಿನ ವಿವರ, ಕೀಬೋರ್ಡೋ ಕಂಟ್ರೋಲರೋ, ಎಷ್ಟು ಗಂಟೆ ಆಡಿದಿರಿ, ಮೊದಲು ಯಾವ ಮೆಕ್ ಆಟ ಆಡಿದ್ದಿರಿ, ಯಾವ ತಿಂಗಳು, ಬಿಸಿಲಿಗೆ ಲ್ಯಾಪ್‌ಟಾಪ್ ತಾಳಿತೇ ಎಂಬುದನ್ನು ಮೊದಲ ನಾಲ್ಕು ಸಾಲಿನಲ್ಲೇ ಹೇಳಿ. "ಸೂಪರ್" ಅಥವಾ "ಬೇಕಾರ್" ಎಂದು ಬಿಡುವ ಬದಲು, "ಐವತ್ತು ಟನ್ನಿನ ಯಂತ್ರ ತಿರುಗಲು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ, ನನಗೆ ಅದು ಹಿಡಿಸಿತು" ಎಂಬಂತೆ ಕಂಡದ್ದನ್ನೂ ಅನಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಅದನ್ನೇ ಕನ್ನಡದಲ್ಲಿ ಹಾಕಿ. ಮುಂದೆ ಪ್ಯಾಚ್ ಬಂದು ನೀವು ದೂರಿದ್ದು ಸರಿಹೋದರೆ ಹಳೆಯ ಅಭಿಪ್ರಾಯವನ್ನು ತಿದ್ದಿ, ತಿದ್ದಿದ ತಿಂಗಳನ್ನೂ ನಮೂದಿಸಿ. ಹೆಬ್ಬೆರಳಿನ ದಿಕ್ಕನ್ನೂ ಆಗ ಬದಲಿಸಬಹುದು.