ಹೆಬ್ಬೆಟ್ಟು, ಆಧಾರ್, ಜೆರಾಕ್ಸ್: ಉಚಿತ ಸಲಹಾ ಕೇಂದ್ರಕ್ಕೆ ಬಂದವರ ಮಾಹಿತಿ ಕಾಯುವ ಬಗೆ

ಪಿಂಚಣಿ ನಿಂತಿದೆ ಅಂತ ಒಬ್ಬರು, ರೇಷನ್ ಕಾರ್ಡಿನಿಂದ ಮಗನ ಹೆಸರು ಬಿದ್ದುಹೋಗಿದೆ ಅಂತ ಇನ್ನೊಬ್ಬರು, ಗಂಡನ ಹೊಡೆತ ತಾಳಲಾರದೆ ಮತ್ತೊಬ್ಬರು. ತಾಲ್ಲೂಕು ಊರಿನ ಉಚಿತ ಸಲಹಾ ಕೇಂದ್ರದ ಬೆಳಗ್ಗೆ ಹೀಗಿರುತ್ತದೆ. ಮೂವರೂ ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ಇದ್ದಬದ್ದ ಕಾಗದವನ್ನೆಲ್ಲ ಮೇಜಿನ ಮೇಲೆ ಹರಡುತ್ತಾರೆ: ಆಧಾರ್, ಪಾಸ್‌ಬುಕ್, ಪಹಣಿ, ಆಸ್ಪತ್ರೆ ಚೀಟಿ. 'ಯಾವುದಕ್ಕೂ ಇರಲಿ' ಎಂದು ಸಿಬ್ಬಂದಿ ಎಲ್ಲದಕ್ಕೂ ಒಂದೊಂದು ಜೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ. ಇಟ್ಟುಕೊಳ್ಳದ ಕಾಗದ ಸೋರುವುದಿಲ್ಲ. ಕೆಳಗೆ ಹೇಳುವ ಕ್ರಮಗಳೆಲ್ಲ ಈ ಮಾತಿನ ಮೇಲೆ ನಿಂತಿವೆ.

ಬಾಗಿಲ ಬಳಿಯ ರಿಜಿಸ್ಟರ್

ಬಹಳಷ್ಟು ಕೇಂದ್ರಗಳಲ್ಲಿ ಬಾಗಿಲ ಬಳಿ ಒಂದು ಉದ್ದನೆ ಪುಸ್ತಕ ಇರುತ್ತದೆ. ಹೆಸರು, ಊರು, ಫೋನ್ ನಂಬರ್, 'ಬಂದ ಕಾರಣ', ಸಹಿ. ಹತ್ತನೆಯವರು ಸಹಿ ಹಾಕುವಾಗ ಮೇಲಿನ ಒಂಬತ್ತು ಸಾಲು ಓದುತ್ತಾರೆ. 'ಕಾರಣ' ಕಲಮಿನಲ್ಲಿ 'ಗಂಡನ ಕಿರುಕುಳ' ಅಂತಿದ್ದರೆ, ಪಕ್ಕದಲ್ಲಿ ಊರಿನ ಹೆಸರಿದ್ದರೆ, ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ. ಆ ಪುಸ್ತಕ ತೆಗೆದುಹಾಕಿ. ಬಂದವರಿಗೆ ಒಂದು ಟೋಕನ್ ಚೀಟಿ ಕೊಡಿ, ಪುಸ್ತಕದಲ್ಲಿ ತಾರೀಖು, ಟೋಕನ್ ಸಂಖ್ಯೆ, ಬಂದ ಹೊತ್ತು ಇಷ್ಟೇ ಬರೆಯಿರಿ. ಒಳಗೆ ಕರೆಯುವಾಗಲೂ ಹೆಸರು ಕೂಗಬೇಡಿ, 'ಏಳನೇ ನಂಬರ್' ಅನ್ನಿ.

ಬೇರೆ ಕೋಣೆ ಇಲ್ಲದ ಕಡೆ ಬಂದವರನ್ನು ಸಾಲಿಗೆ ಬೆನ್ನು ಮಾಡಿ ಕೂರಿಸಿ, ಕಾಯುವ ಜಾಗದಲ್ಲಿ ರೇಡಿಯೊ ಹಾಕಿಡಿ. ಪ್ಲೈವುಡ್ ಅಡ್ಡಗೋಡೆ ಕಣ್ಣನ್ನು ತಡೆಯುತ್ತದೆ, ಕಿವಿಯನ್ನಲ್ಲ.

ಎಷ್ಟು ಕೇಳಬೇಕು

ಪ್ರತಿ ಬಗೆಯ ಕೆಲಸಕ್ಕೂ ಬೇಕಾದ ವಿವರ ಬೇರೆ. ಎಲ್ಲರಿಗೂ ಒಂದೇ ನಾಲ್ಕು ಪುಟದ ಫಾರಂ ತುಂಬಿಸುವ ಅಭ್ಯಾಸ ಬಿಡಿ. ನಿಂತ ಪಿಂಚಣಿಗೆ ಬೇಕಾಗುವುದು ಹೆಸರು, ಫೋನ್, ಮಂಜೂರಾತಿ ಆದೇಶದ ಸಂಖ್ಯೆ, ಯಾವ ತಿಂಗಳಿಂದ ಬಂದಿಲ್ಲ, ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಅಂತ ನೋಡಬೇಕಿದ್ದರೆ ಅವರನ್ನು ಎದುರು ಕೂರಿಸಿಕೊಂಡು, ಅವರ ಫೋನಿಗೇ ಒಟಿಪಿ ತರಿಸಿ, ನೋಡಿ ಮುಚ್ಚಿ. ಒಟಿಪಿಯನ್ನು ಕಾಗದದಲ್ಲಿ ಬರೆದುಕೊಳ್ಳುವುದು, ಆಮೇಲೆ ಫೋನ್ ಮಾಡಿ ಕೇಳುವುದು ಎರಡೂ ಬೇಡ. ಇವತ್ತು ಕೇಂದ್ರದವರಿಗೆ ಫೋನಿನಲ್ಲಿ ಒಟಿಪಿ ಹೇಳಿ ಅಭ್ಯಾಸವಾದವರು ನಾಳೆ ಮೋಸಗಾರನಿಗೂ ಹೇಳುತ್ತಾರೆ.

ಸುಮ್ಮನೆ ಕೇಳುವ ದಾಖಲೆಗೆ ಒಳ್ಳೆ ಉದಾಹರಣೆ ಆದಾಯ ಪ್ರಮಾಣಪತ್ರ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಹಾಗಿದ್ದರೂ ಹೆಣ್ಣುಮಗಳೊಬ್ಬಳು ವಕೀಲರ ನೆರವು ಕೇಳಿ ಬಂದರೆ 'ಇನ್ಕಮ್ ತನ್ನಿ' ಅನ್ನುವವರಿದ್ದಾರೆ. ಆಕೆ ಆ ಕಾಗದಕ್ಕಾಗಿ ನಾಡಕಚೇರಿಗೆ ಅಲೆಯಬೇಕು, ಯಾಕೆ ಬೇಕು ಅಂತ ಮನೆಯಲ್ಲಿ ಹೇಳಬೇಕು. ಜಾತಿ, ಕಾಯಿಲೆ, ಧರ್ಮದ ವಿವರವನ್ನೂ ಯೋಜನೆಗೆ ಅಥವಾ ಮೊಕದ್ದಮೆಗೆ ಬೇಕಾದಾಗ ಮಾತ್ರ ಕೇಳಿ.

ಆಧಾರ್ ಮತ್ತು ಹೆಬ್ಬೆಟ್ಟು

ಆಧಾರ್ ಪ್ರತಿ ಇಟ್ಟುಕೊಳ್ಳಲೇಬೇಕಾದರೆ ಮಾಸ್ಕ್ ಮಾಡಿದ ಆಧಾರ್ ಇರಲಿ. ಅದರಲ್ಲಿ ಹನ್ನೆರಡು ಅಂಕಿಗಳ ಪೈಕಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಿಂದ ಇ-ಆಧಾರ್ ಇಳಿಸುವಾಗಲೇ ಮಾಸ್ಕ್ ಆಯ್ಕೆ ಸಿಗುತ್ತದೆ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ನಿಶ್ಚಿಂತೆಯಾಗಿರುವಂತಿಲ್ಲ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ, ಅಷ್ಟೇ ಆ ಪಾಸ್‌ವರ್ಡ್. ಹೆಸರು, ವಯಸ್ಸು ಗೊತ್ತಿದ್ದವರು ಯಾರು ಬೇಕಾದರೂ ತೆರೆಯಬಹುದು.

ಕಾಗದದ ಜೆರಾಕ್ಸ್ ಮೇಲೆ ಮಾರ್ಕರ್‌ನಿಂದ ಮಸಿ ಬಳಿದರೆ ಬೆಳಕಿಗೆ ಹಿಡಿದಾಗ ಅಂಕಿ ಮತ್ತೆ ಕಾಣುತ್ತದೆ. ಮಸಿ ಬಳಿದ ಹಾಳೆಯನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿ, ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಹರಿದುಹಾಕಿ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದಾಗಲೂ ಹೀಗೇ: ಅಡಿಯ ಅಕ್ಷರ ಅಲ್ಲೇ ಇರುತ್ತದೆ, ಆಯ್ದು ಕಾಪಿ ಮಾಡಿದರೆ ಬಂದುಬಿಡುತ್ತದೆ. ಮುಚ್ಚಿದ ಪುಟದ ಸ್ಕ್ರೀನ್‌ಶಾಟ್ ತೆಗೆದು ಆ ಚಿತ್ರವನ್ನೇ ಕಳಿಸಿ.

ಹೆಬ್ಬೆಟ್ಟಿನದು ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ 2023ರಲ್ಲಿ ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ, ಬೆರಳು ಒತ್ತಿ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು ಬಯಲಾದವು. ಓದು ಬಾರದವರ ಒಪ್ಪಿಗೆ ಪತ್ರದಲ್ಲಿ ನಾವು ಮಾಡುವುದೂ ಅದೇ ಜೋಡಣೆ: ಮೇಲೆ ಪೂರ್ತಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಕೆಳಗೆ ಸ್ಪಷ್ಟವಾದ ಹೆಬ್ಬೆಟ್ಟು. ಕಳ್ಳನಿಗೆ ಬೇಕಾದ ಮೂರೂ ಒಂದೇ ಹಾಳೆಯಲ್ಲಿ. ಹೆಬ್ಬೆಟ್ಟು ಇರುವ ಹಾಳೆಯಲ್ಲಿ ಫೈಲ್ ಸಂಖ್ಯೆ ಬಿಟ್ಟು ಬೇರೆ ಯಾವ ಸಂಖ್ಯೆಯೂ ಇರಬಾರದು, ಅದನ್ನು ಸ್ಕ್ಯಾನ್ ಮಾಡಬಾರದು, ಬೇರೆ ಬೀರುವಿನಲ್ಲಿ ಇಡಬೇಕು. ಎಷ್ಟೋ ಕಡೆ ಹೆಬ್ಬೆಟ್ಟೇ ಬೇಕಿರುವುದಿಲ್ಲ. 'ಓದಿ ಹೇಳಿದೆ, ಒಪ್ಪಿದರು' ಎಂದು ಬರೆದು ಇಬ್ಬರು ಸಿಬ್ಬಂದಿ ಸಹಿ ಮಾಡಿದರೆ ಕೇಂದ್ರದ ಒಳಗಿನ ದಾಖಲೆಗೆ ಸಾಕು.

ಒಪ್ಪಿಗೆ ಕೇಳುವ ಮಾತು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಕಂಪ್ಯೂಟರಿನಲ್ಲಿರುವ ಮಾಹಿತಿಗೂ, ಕಾಗದದಲ್ಲಿ ಪಡೆದು ಆಮೇಲೆ ಕಂಪ್ಯೂಟರಿಗೆ ಏರಿಸಿದ ಮಾಹಿತಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಸೇವಾಸಂಸ್ಥೆ ಅನ್ನುವ ಒಂದೇ ಕಾರಣಕ್ಕೆ ವಿನಾಯಿತಿ ಇಲ್ಲ. ಒಪ್ಪಿಗೆಯ ಕೋರಿಕೆ ಸರಳ ಭಾಷೆಯಲ್ಲಿರಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಸಿಗಬೇಕು. ಕನ್ನಡ ಅದರಲ್ಲಿದೆ. ಆದರೂ ಇಂಗ್ಲಿಷ್ ಫಾರಂಗೆ ಸಹಿ ಹಾಕಿಸುವುದು ಇನ್ನೂ ನಿಂತಿಲ್ಲ.

ಬಾಯಲ್ಲಿ ಹೇಳುವ ಮಾತು ಹೀಗಿದ್ದರೆ ಸಾಕು: 'ನಿಮ್ಮ ಹೆಸರು, ಫೋನ್ ನಂಬರ್, ಪಿಂಚಣಿ ಕಾಗದದ ವಿವರ ಬರ್ಕೊಳ್ತೀವಿ. ತಹಶೀಲ್ದಾರ್ ಕಚೇರಿಗೆ ಅರ್ಜಿ ಬರೆಯೋಕೆ ಮಾತ್ರ. ನಮ್ಮಲ್ಲಿ ನಿಮ್ಮ ಫೈಲ್ ನೋಡೋರು ಇಬ್ಬರೇ. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಹೇಳಿ, ಅಳಿಸ್ತೀವಿ. ಫೋಟೊ ತೆಗೆಯೋದಿದ್ರೆ ಬೇರೆಯಾಗಿ ಕೇಳ್ತೀವಿ; ನೀವು ಬೇಡ ಅಂದ್ರೂ ಕೆಲಸ ಮಾಡಿಕೊಡ್ತೀವಿ.' ಕೊನೆಯ ಸಾಲನ್ನು ನುಂಗಬೇಡಿ. ನೆರವು ಬೇಕಾಗಿ ಬಂದವರು ಏನು ಕೇಳಿದರೂ ಹೂಂ ಅನ್ನುತ್ತಾರೆ, ಆ ಹೂಂ ಒಪ್ಪಿಗೆಯಲ್ಲ.

'ಯಾರಿಗೂ ಹೇಳಲ್ಲ' ಅಂತ ಮಾತ್ರ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆ ಇದೆ. ಈ ಒಂದು ಮಿತಿಯನ್ನು ಮಾತುಕತೆಯ ಮೊದಲಲ್ಲೇ ಹೇಳಿ. ಗುಟ್ಟೆಲ್ಲ ಬಿಚ್ಚಿಟ್ಟ ಮೇಲೆ ಹೇಳಿದರೆ ಅದು ವಂಚನೆಯಾಗುತ್ತದೆ.

ಫೋನ್ ಯಾರ ಕೈಲಿರುತ್ತೆ?

ನಂಬರ್ ಬರೆದುಕೊಳ್ಳುವ ಮುಂಚೆ ಇದನ್ನು ಕೇಳಿ. ಮನೆಗೊಂದೇ ಫೋನ್ ಇದ್ದು ಅದು ಹಗಲೆಲ್ಲ ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುವುದು ಸಾಮಾನ್ಯ. 'ಎಷ್ಟೊತ್ತಿಗೆ ಮಾಡಿದ್ರೆ ಸರಿ, ಬೇರೆಯವರು ಎತ್ತಿದ್ರೆ ಏನು ಹೇಳಲಿ' ಅಂತ ಆಕೆಯನ್ನೇ ಕೇಳಿ, ಉತ್ತರವನ್ನು ನಂಬರಿನ ಪಕ್ಕದಲ್ಲೇ ಬರೆಯಿರಿ. ಎಸ್‌ಎಂಎಸ್‌ನಲ್ಲಿ ಸಂಸ್ಥೆಯ ಹೆಸರು ಬೇಡ. ಇಷ್ಟೆಲ್ಲ ಮಾಡಿಯೂ ಕೆಡುವ ಒಂದು ಜಾಗ ಟ್ರೂಕಾಲರ್. ನೀವು ಏನೂ ಹೇಳದಿದ್ದರೂ ಗಂಡನ ಫೋನಿನ ಪರದೆ ಮೇಲೆ 'ಮಹಿಳಾ ಸಹಾಯ ಕೇಂದ್ರ' ಅಂತ ಮೂಡುತ್ತದೆ. ಕೇಂದ್ರದ ಹೊರಕರೆ ನಂಬರ್ ಅಲ್ಲಿ ಯಾವ ಹೆಸರಿನಲ್ಲಿದೆ ಅಂತ ಬೇರೆ ಫೋನಿಂದ ಹುಡುಕಿ ನೋಡಿ, ಸೂಕ್ಷ್ಮ ಪ್ರಕರಣಗಳಿಗೆ ಪ್ರತ್ಯೇಕ ಸಿಮ್ ಇಡಿ. ಸಿಬ್ಬಂದಿಯ ಫೋನಿನಲ್ಲಿ 'ಇಂಥವರು ಡಿವೋರ್ಸ್ ಕೇಸ್' ಅಂತ ಸೇವ್ ಮಾಡಿದ್ದರೆ, ಸಂಪರ್ಕ ಪಟ್ಟಿಗೆ ಅನುಮತಿ ಪಡೆದ ಯಾವುದೋ ಆಪ್ ಮೂಲಕ ಅದೂ ಹೊರಗೆ ಹೋಗಬಹುದು. ಫೈಲ್ ಸಂಖ್ಯೆಯ ಹೆಸರಿನಲ್ಲಿ ಸೇವ್ ಮಾಡಿ.

ವಾಟ್ಸಾಪ್‌ನಲ್ಲಿ ಬಂದ ಆಧಾರ್ ಫೋಟೊ ಒಂದೇ ಕಡೆ ಕೂರುವುದಿಲ್ಲ. ಗ್ಯಾಲರಿಗೆ ಹೋಗುತ್ತದೆ, ಬ್ಯಾಕಪ್ ಆನ್ ಇದ್ದರೆ ಗೂಗಲ್ ಫೋಟೋಸ್‌ಗೆ ಏರುತ್ತದೆ, ಅಲ್ಲಿ ಅಳಿಸಿದರೂ 60 ದಿನ ಟ್ರ್ಯಾಶ್‌ನಲ್ಲಿ ಉಳಿಯುತ್ತದೆ. ಫೋಟೊ ಗ್ಯಾಲರಿಗೆ ಹೋಗದಂತೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ, ವಾಟ್ಸಾಪ್ ಇಮೇಜಸ್ ಫೋಲ್ಡರಿನ ಬ್ಯಾಕಪ್ ಆಫ್ ಮಾಡಿ, ಕೆಲಸ ಮುಗಿದ ದಿನವೇ ಮೂರೂ ಕಡೆ ಅಳಿಸಿ. ಪ್ರಿಂಟಿಗಾಗಿ ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸುವುದನ್ನಂತೂ ಬಿಟ್ಟೇಬಿಡಿ. ಆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅರ್ಧ ಊರಿನ ಆಧಾರ್ ಇರುತ್ತದೆ. ಕೇಂದ್ರಕ್ಕೆ ಒಂದು ಸಣ್ಣ ಪ್ರಿಂಟರ್ ಕೊಂಡುಬಿಡುವುದು ಲೇಸು.

ಫೈಲ್, ಕಂಪ್ಯೂಟರ್

ಫೈಲಿನ ಬೆನ್ನ ಮೇಲೆ ಹೆಸರಿರಬಾರದು, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಅನ್ನುವ ಸೂಚಿ ಬೇರೆ ಬೀಗದಲ್ಲಿರಲಿ. ಹೊಸ ಪ್ರಕರಣ ತೆಗೆದುಕೊಳ್ಳುವ ಮುಂಚೆ ಆ ಸೂಚಿಯಲ್ಲಿ ಎದುರು ಪಕ್ಷದ ಹೆಸರು ಹುಡುಕಿ. ಸಣ್ಣ ಊರಿನಲ್ಲಿ ಹೆಂಡತಿ ಸೋಮವಾರ ಬಂದರೆ ಗಂಡ ಗುರುವಾರ ಬರುತ್ತಾನೆ. ಗೂಗಲ್ ಶೀಟ್ ಬಳಸುವವರು ತಿಂಗಳಿಗೊಮ್ಮೆ ಹಂಚಿಕೆ ಪಟ್ಟಿ ತೆರೆದು ನೋಡಿ. ಯಾರೋ ಅವಸರದಲ್ಲಿ 'ಲಿಂಕ್ ಇರುವ ಯಾರಾದರೂ' ಅಂತ ಬದಲಿಸಿದ್ದು ವರ್ಷಗಟ್ಟಲೆ ಹಾಗೇ ಇರುತ್ತದೆ. ಕೆಲಸ ಬಿಟ್ಟವರ, ಇಂಟರ್ನ್‌ಶಿಪ್ ಮುಗಿಸಿದ ವಿದ್ಯಾರ್ಥಿಗಳ ಪ್ರವೇಶವನ್ನು ಅದೇ ದಿನ ತೆಗೆಯಿರಿ, ವಾಟ್ಸಾಪ್ ಗುಂಪಿನಿಂದಲೂ. ಎರಡು ಹಂತದ ಲಾಗಿನ್ ಎಲ್ಲರಿಗೂ ಕಡ್ಡಾಯ.

ಎಲ್ಲರೂ ಮರೆಯುವುದು ವೋಚರ್. ಬಂದವರಿಗೆ ಬಸ್ ಚಾರ್ಜ್ ಕೊಟ್ಟು 'ಇಂಥವರಿಗೆ, ಆಶ್ರಯಧಾಮಕ್ಕೆ ಹೋಗಲು' ಅಂತ ಬರೆದ ಚೀಟಿ ಲೆಕ್ಕಿಗರು, ಆಡಿಟರ್, ದಾನಿ ಎಲ್ಲರ ಕೈ ದಾಟುತ್ತದೆ. ಅಲ್ಲೂ ಫೈಲ್ ಸಂಖ್ಯೆಯೇ ಇರಲಿ.

ಕೇಳಿಕೊಂಡು ಬರುವವರು

'ನನ್ನ ಹೆಂಡ್ತಿ ಇಲ್ಲಿಗೆ ಬಂದಿದ್ಳಾ?' ಈ ಪ್ರಶ್ನೆಗೆ ಬಂದಿದ್ದರೂ ಬರದಿದ್ದರೂ ಉತ್ತರ ಒಂದೇ: 'ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ನಾವು ಯಾರಿಗೂ ಹೇಳಲ್ಲ.' ಬರದವರ ವಿಷಯದಲ್ಲಿ 'ಇಲ್ಲ' ಅಂದು, ಬಂದವರ ವಿಷಯದಲ್ಲಿ 'ಹೇಳಲ್ಲ' ಅಂದರೆ ಎರಡನೆಯದು ಹೌದು ಅಂದಂತೆಯೇ. ಪೊಲೀಸರು ಫೈಲ್ ಕೇಳಿದರೆ ಬರಹದಲ್ಲಿ ಕೇಳಲು ಹೇಳಿ. ದಾಖಲೆ ಹಾಜರುಪಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲು ಬಂದ ಕಾನೂನು) 94ನೇ ಸೆಕ್ಷನ್ ಅಡಿ ಲಿಖಿತ ಆದೇಶದ ದಾರಿ ಇದೆ. ಬಂದ ಆದೇಶವನ್ನು ವಕೀಲರಿಗೆ ತೋರಿಸಿ, ಕೇಳಿದಷ್ಟೇ ಕೊಟ್ಟು, ಏನು ಕೊಟ್ಟಿರಿ ಅಂತ ಬರೆದಿಡಿ.

ದಾನಿಗಳ ಕೋರಿಕೆ ನಯವಾಗಿರುತ್ತದೆ, ಅದಕ್ಕೇ ಹೆಚ್ಚು ಅಪಾಯ. 'ಫಲಾನುಭವಿಗಳ ಪಟ್ಟಿ, ಫೋಟೊ, ಫೋನ್ ನಂಬರ್ ಕಳಿಸಿ' ಅನ್ನುತ್ತಾರೆ. ಸಂಖ್ಯೆಗಳನ್ನು ಕೊಡಿ, ಹೆಸರು ಬೇಡ. ಸಂಖ್ಯೆಯಲ್ಲೂ ಎಚ್ಚರ: ಒಂದು ಹಳ್ಳಿಯಿಂದ ಕೌಟುಂಬಿಕ ದೌರ್ಜನ್ಯದ ಪ್ರಕರಣ ಒಂದೇ ಇದ್ದರೆ 'ಇಂಥ ಹಳ್ಳಿ: 1' ಅನ್ನುವುದೇ ಆಕೆಯ ಹೆಸರು. ಐದಕ್ಕಿಂತ ಕಡಿಮೆ ಇದ್ದ ಕಡೆ ಹೋಬಳಿ ಅಥವಾ ತಾಲ್ಲೂಕು ಮಟ್ಟಕ್ಕೆ ಕೂಡಿಸಿ ಬರೆಯಿರಿ. ಹೆಸರು ಬದಲಿಸಿ ಬರೆದ ಯಶೋಗಾಥೆಗಳಲ್ಲೂ ಊರು, ಕಸುಬು, ಮಕ್ಕಳೆಷ್ಟು ಅಂತ ಹೇಳಿದರೆ ಊರಿಗೆ ಊರೇ ಗುರುತಿಸುತ್ತದೆ.

ಸೋರಿದರೆ

ಸಿಬ್ಬಂದಿಯ ಫೋನ್ ಬಸ್ಸಿನಲ್ಲಿ ಕಳೆದುಹೋಯಿತು ಅನ್ನಿ. ಮೊದಲ ಗಂಟೆಯಲ್ಲಿ ಬೇರೆ ಸಾಧನದಿಂದ ಗೂಗಲ್ ಖಾತೆ ತೆರೆದು ಫೋನನ್ನು ದೂರದಿಂದಲೇ ಅಳಿಸಿ, ಸಿಮ್ ನಿಲ್ಲಿಸಿ, ಪಾಸ್‌ವರ್ಡ್ ಬದಲಿಸಿ. ಪೊಲೀಸ್ ದೂರಿನ ಪ್ರತಿ ಸಿಕ್ಕ ಮೇಲೆ ಕಳೆದ ಫೋನ್ ತಡೆಯುವ ಸರ್ಕಾರಿ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ತಡೆಹಿಡಿಸಬಹುದು. ಅದೇ ದಿನ, ಆ ಫೋನಿನಲ್ಲಿ ಯಾರ ಯಾರ ಕಾಗದವಿತ್ತು ಅಂತ ಪಟ್ಟಿ ಮಾಡಿ ಅವರಿಗೆ ತಿಳಿಸಿ, ಅವರವರ ಸುರಕ್ಷಿತ ಹೊತ್ತಿನಲ್ಲೇ. ಮೇಲೆ ಹೇಳಿದ 2025ರ ನಿಯಮಗಳ ಪ್ರಕಾರ ಬಾಧಿತರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ಪೂರ್ತಿ ವಿವರ ಕೊಡಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಬೆರಳಚ್ಚು ಸೋರಿದ್ದರೆ ಎಂಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಡಿ. ಆದರೆ ಲಾಕ್ ಇರುವಾಗ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಅಲ್ಲಿಗೆ ಹೋಗುವ ಮುಂಚೆ ತಾತ್ಕಾಲಿಕವಾಗಿ ತೆರೆಯುವುದನ್ನೂ ಕಲಿಸದಿದ್ದರೆ ಆ ತಿಂಗಳ ಅಕ್ಕಿ ತಪ್ಪುತ್ತದೆ.

ಮುಗಿದ ಫೈಲ್

ಮೂಲ ದಾಖಲೆಗಳನ್ನು ಅವತ್ತೇ ಹಿಂದಿರುಗಿಸಿ, ಪಡೆದುಕೊಂಡ ಸಹಿ ಹಾಕಿಸಿಕೊಳ್ಳಿ. ಉಳಿದ ಟಿಪ್ಪಣಿಗಳಿಗೆ ಗಡುವು ಗೊತ್ತುಮಾಡಿ. ಹೆಚ್ಚಿನ ಸಿವಿಲ್ ದಾವೆಗಳಿಗೆ ಕಾಲಮಿತಿ ಮೂರು ವರ್ಷ, ಗ್ರಾಹಕ ದೂರಿಗೆ ಎರಡು; ಹಾಗಾಗಿ ಮೂರು ವರ್ಷ ಇಟ್ಟು ನಾಶ ಮಾಡುವುದು ಸಾಮಾನ್ಯ ಪ್ರಕರಣಗಳಿಗೆ ಹೊಂದುತ್ತದೆ. ಜಮೀನಿನ ಫೈಲುಗಳನ್ನು ಇನ್ನೂ ಹೆಚ್ಚು ಕಾಲ ಇಡಬೇಕಾಗುತ್ತದೆ. ಫೈಲ್ ಮುಚ್ಚುವ ದಿನವೇ ರಟ್ಟಿನ ಮೇಲೆ ನಾಶದ ತಿಂಗಳು ಬರೆದುಬಿಡಿ, ಇಲ್ಲದಿದ್ದರೆ ಯಾರೂ ಹಿಂತಿರುಗಿ ನೋಡುವುದಿಲ್ಲ.

ಹಳೇ ಫೈಲನ್ನು ರದ್ದಿಗೆ ಹಾಕಬೇಡಿ. ಕಿಲೋಗೆ ಹತ್ತೋ ಹದಿನೈದೋ ರೂಪಾಯಿ ಸಿಗಬಹುದು. ಹಾಳೆ ಮಾತ್ರ ಸಂತೆಯಲ್ಲಿ ಕಡ್ಲೆಕಾಯಿ ಪೊಟ್ಟಣವಾಗಿ ಅದೇ ಊರಿಗೆ ಮರಳುತ್ತದೆ. ಉದ್ದುದ್ದ ಸೀಳುವ ಶ್ರೆಡ್ಡರ್ ಸಾಲದು, ಚೂರು ಚೂರು ಮಾಡುವಂಥದ್ದು ಬೇಕು. ಅದಿಲ್ಲದಿದ್ದರೆ ಹರಿದು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಕಿವುಚಿ ಮುದ್ದೆ ಮಾಡಿ ಎಸೆಯಿರಿ.